ಟೆಂಪರರಿಯ ಕರಿ ಕೋಟು

ಧಣಿಯ ಮಗಳ ಮದುವೆ ಪತ್ರಿಕೆ ಬೀಗದ ಕಾರ್ಖಾನೆಯ ಆಫೀಸಿನವರಿಗೆಲ್ಲ ಬಂತು. ಅಡಿಯಲ್ಲೊಂದು ಸಾಲು: ‘ಉಡುಪು: ಬ್ಲ್ಯಾಕ್ ಟೈ.’ ಬಡ ಗುಮಾಸ್ತ ಟೆಂಪರರಿಗೆ ಗ್ರಹಚಾರ ಸುತ್ತಿಕೊಂಡಿದ್ದು ಆ ಸಾಲಿನಿಂದಲೇ. ಕೆಲಸಕ್ಕೆ ಸೇರಿದಾಗ ‘ಸದ್ಯಕ್ಕೆ ಟೆಂಪರರಿ’ ಎಂದಿದ್ದರು. ಆ ‘ಸದ್ಯ’ದಲ್ಲೇ ಅವನ ತಲೆ ನರೆತು, ಅಪ್ಪ ಇಟ್ಟ ಹೆಸರೂ ಅಳಿಸಿಹೋಗಿತ್ತು.

“ಧಣಿ ಕಣ್ಣಿಗೆ ಬಿದ್ರೆ ಕಾಯಂ ಆದೆ ಅಂತ್ಲೇ ತಿಳ್ಕೊ,” ಎಂದಿದ್ದರು ಹೆಡ್ ಗುಮಾಸ್ತರು. “ಉಡುಪು ತಪ್ಪಿತೋ, ಬಂದ ದಾರಿಗೆ ಸುಂಕ ಇಲ್ಲ!”

ಮದುವೆಯ ದಿನ ಅವನು ಬಿಳಿ ಅಂಗಿಗೆ ಕರಿ ಟೈ ಬಿಗಿದು ಕನ್ನಡಿಯ ಮುಂದೆ ನಿಂತ.

“ಮದುವೆಗೋ, ಮಣ್ಣಿಗೋ?” ಎಂದಳು ಹೆಂಡತಿ.

“ಕರಿ ಟೈ ಅಂತ್ಲೇ ಹಾಕಿದ್ದಾರಲ್ಲೇ!”

ಪಕ್ಕದ ಮನೆಯ ಟೈಲರ್ ಕಿಟಕಿಯಲ್ಲಿ ತಲೆ ತೂರಿಸಿದ. “ಅಯ್ಯೋ ಪುಣ್ಯಾತ್ಮ, ಬರೀ ಟೈ ಅಲ್ಲ! ಕರಿ ಕೋಟು, ಕರಿ ಪ್ಯಾಂಟು, ಕತ್ತಿಗೆ ಚಿಟ್ಟೆ ಥರ ಬೋ. ದೊಡ್ಡೋರು ಬಾಲ ಹೇಳಿದ್ರೆ ನಾವು ಆನೇನೇ ತರಬೇಕು.”

ಮಹಡಿಯ ಅಜ್ಜಿ ತೀರಿಹೋದ ಗಂಡನ ಕೋಟು ಪ್ಯಾಂಟು ತಂದುಕೊಟ್ಟರು. ನುಸಿಗುಳಿಗೆಯ ವಾಸನೆ ಅವರಿಗಿಂತ ಮೊದಲೇ ಮೆಟ್ಟಿಲಿಳಿದಿತ್ತು. ಆ ಮಹಾನುಭಾವರು ಕಡ್ಡಿಪೈಲ್ವಾನ್. ಟೆಂಪರರಿಗೋ, ಹೊಟ್ಟೆಯೊಂದು ಮಾತ್ರ ಕಾಯಂ. ಟೈಲರ್ ಜಗ್ಗಿದ, ಬಿಚ್ಚಿದ, ಕೊನೆಗೆ ಮೈಮೇಲೇ ಹೊಲಿದುಬಿಟ್ಟ.

“ಉಸಿರು?” ಎಂದ ಟೆಂಪರರಿ.

“ಚೂರುಚೂರೇ ಬಿಡು. ಕೂರಬೇಡ, ಬಗ್ಗಬೇಡ. ಹಿಂದೆ ಹೊಲಿಗೆ ಹಾರಿತೋ, ನಿನ್ನ ಮಾನ ನನ್ನ ಅಂಗಡಿ ಎರಡೂ ಹೋಯ್ತು.”

“ಧಣಿ ಎದುರು ಬಗ್ಗದೆ ಇರೋದು ಹೇಗಯ್ಯ?”

“ಇವತ್ತೊಂದಿನ ಕಲ್ತ್ಕೋ!”

ಮದುವೆಯ ಸಭಾಂಗಣದಲ್ಲಿ ಗಂಡಸರೆಲ್ಲ ಕಪ್ಪೇ ಕಪ್ಪು, ಕಾಗೆಗಳ ಪಂಚಾಯಿತಿ ಸೇರಿದ ಹಾಗೆ. ಎಲ್ಲರೂ ಕೂತರು; ಟೆಂಪರರಿ ಕೂರುವಂತಿಲ್ಲ. “ಅಡ್ಡ ನಿಲ್ಬೇಡ್ರೀ” ಎನ್ನಿಸಿಕೊಂಡು ಸರಿದು ಸರಿದು ಬಾಗಿಲ ಪಕ್ಕ ಸೇರಿ, ಕೊರಡಿನಂತೆ ನಿಂತ. ಒಳಬಂದ ಹೆಂಗಸೊಬ್ಬಳು ಕೈಗೆ ಕೊಡೆ ಕೊಟ್ಟಳು, ಹಿಡಿದ. ಇನ್ನೊಬ್ಬ “ಬಾಗಿಲು” ಎಂದು ಗದರಿದ, ತೆರೆದ. ಬೇಡ ಎಂದು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ. ಹೆಡ್ ಗುಮಾಸ್ತರು ಕೂಡ ತಮ್ಮ ಮೇಲಂಗಿಯನ್ನು ಅವನ ತೋಳಿಗೆ ನೇತುಹಾಕಿ, ಮುಖ ನೋಡದೆ ಒಳಹೋದರು. ಬಾಗಿಲು ತೆಗೆಯುವವನಿಗೂ ಒಂದು ಮುಖವಿರುತ್ತದೆಂದು ಯಾರಿಗೆ ಗೊತ್ತು?

ಧಣಿಗಳ ಕಣ್ಣಿಗೆ ಬಿದ್ದ. ಅವರು ಹತ್ತಿರ ಬಂದು ಅಡಿಯಿಂದ ಮುಡಿಯವರೆಗೆ ನೋಡಿದರು.

“ಯಾರಯ್ಯ ನೀನು?”

“ನಿಮ್ಮ ಆಫೀಸಿನವನೇ ಸಾರ್. ಟೆಂಪರರಿ.”

“ಏನು ಬೆನ್ನು! ಏನು ನಿಲುವು! ನಾಳೆಯಿಂದ ನೀನು ಕಾಯಂ.”

ಮನೆಯಲ್ಲಿ ಸುದ್ದಿ ಕೇಳಿ ಟೈಲರ್ ಶಿಳ್ಳೆ ಹೊಡೆದ, ಅಜ್ಜಿ ಕಣ್ಣೊರೆಸಿಕೊಂಡರು. ಹೆಂಡತಿ ಕುರ್ಚಿ ಎಳೆದಿಟ್ಟಳು.

“ಯಾವ ಸೀಟು ಕೊಟ್ರು? ಹೇಳ್ರೀ, ಹೆಡ್ ಗುಮಾಸ್ತರ ಪಕ್ಕದ್ದಾ?”

“ಸೀಟಿಲ್ಲ ಕಣೇ,” ಎಂದ ಟೆಂಪರರಿ. “ಆಫೀಸಿನ ಮುಂಬಾಗಿಲು. ನಿಲ್ಲೋದು ಕಾಯಂ.”