ಸೋಮವಾರದ ಮುಖ

ದೆವ್ವವನ್ನು ನಾನು ನಂಬುವುದಿಲ್ಲ. ಆದರೆ ಅದಕ್ಕೆ ಹೆದರಲು ನಂಬಿಕೆ ಬೇಕಿಲ್ಲವೆಂಬುದು ನನ್ನ ಅನುಭವ. ನಿಜಾಮನ ಮೇಲಿನ ಪೊಲೀಸ್ ಆ್ಯಕ್ಷನ್ ಮುಗಿದು ಎರಡು ವರ್ಷವಾಗಿತ್ತು. ಹೊಸದಾಗಿ ಡಾಕ್ಟರಿ ಪಾಸಾದ ನಾವು ಮೂವರು ಕಲಬುರಗಿ ಕೋಟೆಯ ಹತ್ತಿರದ ದವಾಖಾನೆಯಲ್ಲಿ ಹಿರಿಯ ಡಾಕ್ಟರ್ ಸಾಹೇಬರ ಕೈಕೆಳಗಿದ್ದೆವು. ಅವರ ಪಾಠದ ರೀತಿಯೇ ಬೇರೆ. ತಾವೇ ರೋಗಿಯಾಗಿ ಸ್ಟೂಲಿನ ಮೇಲೆ ಕೂರುವರು. ನಾವು ಪ್ರಶ್ನೆ ಕೇಳಿ ಕೇಳಿ ರೋಗ ಹಿಡಿಯಬೇಕು. ಕೇಳಿದ್ದಕ್ಕಷ್ಟೇ ಉತ್ತರ. ಪುಸ್ತಕ ಬಾಯಿಪಾಠ ಮಾಡಿ ಪಾಸಾದ ನನ್ನಂಥವನಿಗೆ ಅದು ಯಮಯಾತನೆ.

ಒಂದು ಮಧ್ಯಾಹ್ನ ಸಾಹೇಬರು ಶಾಲನ್ನು ತಲೆಯ ಮೇಲೆಳೆದುಕೊಂಡು ಕಮಲಾಪುರದ ಒಬ್ಬ ಸೊಸೆಯಾದರು. ಬಿಳಿಗಡ್ಡದೊಳಗಿಂದ ಹೆಣ್ಣುದನಿ ಬಂತು: “ಸೋಮಾರ ಸೋಮಾರ ಯಾರೋ ಕುತ್ತಿಗಿ ಹಿಚಕತಾರ್ರೀ. ಕನ್ನಡ್ಯಾಗ ನೋಡಿದ್ರ ನನ್ನ ಮಾರಿ ಇರಂಗಿಲ್ಲ. ನನ್ನ ಗಂಡನ ಮೊದಲನೇ ಹೆಂಡ್ತಿ ಸತ್ತಾಳಲ್ಲ, ಆಕಿ ಮಾರಿ ಇರ್ತದ.”

ನಮ್ಮ ಮೂವರ ಸ್ಟೂಲುಗಳೂ ತಾವಾಗಿಯೇ ಹಿಂದೆ ಸರಿದವು. “ಏನು ತಿಂದಿದ್ದಿ ತಂಗಿ?” ಎಂದೆ.

“ಏನೂ ಇಲ್ರೀ. ಅವತ್ತ ಉಪಾಸ.”

ಜ್ವರ, ಧೂಳು, ಚೇಳು ಎಲ್ಲ ಕೇಳಿ ಸೋತೆವು. ಸಾಹೇಬರು ಶಾಲು ಸರಿಸಿದರು. “ಇದು ಖರೇ ಕೇಸು. ಈ ಸೋಮಾರನೂ ದೆವ್ವ ಬಂತಂದ್ರ ಗಾಡಿ ಹೂಡಿಸಿ ತವರಿಗೆ ಕಳಸ್ತಾಳಂತ ಅತ್ತಿ. ತಿರುಗಿ ಕರಕೊಳ್ಳಂಗಿಲ್ಲಂತ. ನಡೀರಿ, ಹೋಗೇ ನೋಡೂಣು.”

ಸೋಮವಾರ ದೀಪ ಹಚ್ಚುವ ಹೊತ್ತಿಗೆ ನಾವು ಕಮಲಾಪುರದ ಆ ಮನೆಯಲ್ಲಿದ್ದೆವು. ಬಾಗಿಲಲ್ಲಿ ಗಾಡಿ ಸಿದ್ಧವಾಗಿ ನಿಂತಿತ್ತು. ಇಪ್ಪತ್ತೂ ತುಂಬದ ಸೊಸೆ ಪೂಜೆ ಮುಗಿಸಿ, ಅತ್ತೆ ಕೊಟ್ಟ ಪ್ರಸಾದ ಕಣ್ಣಿಗೊತ್ತಿಕೊಂಡು ಬಾಯಿಗಿಟ್ಟಳು. ಐದು ನಿಮಿಷವೂ ಆಗಿರಲಿಕ್ಕಿಲ್ಲ. ತುಟಿ ಉಬ್ಬಿತು, ಕಣ್ಣು ಹೂತುಹೋದವು, ಉಸಿರು ಸಿಳ್ಳು ಹಾಕತೊಡಗಿತು. ನೋಡನೋಡುತ್ತಿದ್ದಂತೆ ಆ ಹುಡುಗಿ ಕರಗಿ, ಅವಳ ಸೀರೆಯೊಳಗೆ ಇನ್ನೊಬ್ಬಳು ಕೂತಿದ್ದಳು.

“ಬಂದ್ಳು ನೋಡ್ರೀ ಸತ್ತಾಕಿ!” ಎಂದು ಅತ್ತೆ ಚೀರಿದಳು. ವಿಜ್ಞಾನ ಓದಿದ ನಾನು ಎಲ್ಲರಿಗಿಂತ ಮೊದಲು ಹೊಸ್ತಿಲು ದಾಟಿದ್ದೆ.

ಸಾಹೇಬರು ಸೂಜಿ ಚುಚ್ಚಿದರು. ಉಸಿರು ಮೆಲ್ಲಗೆ ಸಡಿಲವಾಯಿತು. “ಈಗ ಏನು ತಿಂದ್ಲವ್ವಾ?” ಎಂದು ಅತ್ತೆಯನ್ನು ಕೇಳಿದರು.

“ಏನೂ ಇಲ್ರೀ ಸಾಹೇಬ್ರ. ಉಪಾಸ.”

“ಮತ್ತ ಆ ಕೆಂಪು ಬಾಳಿಹಣ್ಣಿನ ಸಿಪ್ಪಿ?”

“ಅಯ್ಯ, ಅದು ಪ್ರಸಾದ ರೀ! ಅದಕ್ಕ ಯಾರರ ತಿನ್ನಾದು ಅಂತಾರೇನು?”

“ಈಕಿ ಮೈಗೆ ಬಾಳಿಹಣ್ಣು ಆಗಂಗಿಲ್ಲವ್ವಾ. ಇದಕ್ಕ ಅಲರ್ಜಿ ಅಂತಾರ. ಯಾವ ಸತ್ತಾಕಿನೂ ಬಂದಿಲ್ಲ.”

ಅತ್ತೆ ಸಿಪ್ಪೆಯನ್ನೂ ಸೊಸೆಯನ್ನೂ ಬಹಳ ಹೊತ್ತು ನೋಡಿದಳು. ಆಮೇಲೆ ಹೊರಗೆ ಕೂಗಿದಳು: “ಗಾಡಿ ಬಿಚ್ಚ್ರೋ! ಇನ್ಮ್ಯಾಲೆ ಪ್ರಸಾದಕ್ಕ ಸಕ್ರಿ.”

ತಿರುಗಿ ಬರುವಾಗ ಬಸ್ಸಿನಲ್ಲಿ ಸಾಹೇಬರು ಕೇಳಿದರು: “ಉಪಾಸ ಅಂದಕೂಡ್ಲೇ ತಿನ್ನೂದರ ಮಾತು ಯಾಕ ಬಿಟ್ರಿ?”

“ಉಪಾಸ ಅಂದ್ಮ್ಯಾಲೆ ಮತ್ತೇನು ಕೇಳಾದ್ರೀ? ನಂದೂ ಇವತ್ತ ಉಪಾಸ. ಮುಂಜಾನಿಂದ ನೀರು ಬಿಟ್ರ ಏನೂ ಮುಟ್ಟಿಲ್ಲ,” ಎಂದೆ.

ಅತ್ತೆ ಕಟ್ಟಿಕೊಟ್ಟಿದ್ದ ಬಾಳೆಹಣ್ಣಿನ ಚಿಪ್ಪು ನನ್ನ ತೊಡೆಯ ಮೇಲಿತ್ತು. ಸಾಹೇಬರು ನನ್ನ ಪಕ್ಕದಲ್ಲಿದ್ದ ಸಿಪ್ಪೆಗಳನ್ನು ಒಂದೊಂದಾಗಿ ಎತ್ತಿ ನನ್ನ ಮುಂದೆ ಇಟ್ಟರು. ಐದಿದ್ದವು.