ಕಿವಿ ಹಿಡಿದು ಮುಂದೆ ತಂದ ಫೋಲ್ಡರು

"ಇನ್ಮೇಲೆ ಈ ಮನೆ ಕಂಪ್ಯೂಟರಲ್ಲಿ ಒಂದೇ ಫೋಲ್ಡರು ಎರಡೆರಡು ಸಲ ತೆರ್ಕೊಳ್ಳೋ ಹಾಗಿಲ್ಲ!" ಎಂದು ಎನ್.ಆರ್. ಕಾಲೋನಿಯ ವಾದಿರಾಜರು ಘೋಷಿಸಿದರು. ನಿವೃತ್ತಿಯಾದ ಮೇಲೆ ಪ್ರೋಗ್ರಾಮಿಂಗ್ ಕಲಿತು ತಾವೇ ಒಂದು ಪ್ರೋಗ್ರಾಂ ಬರೆದಿದ್ದರು. ಹೆಸರು ಟೈಪಿಸಿದರೆ ಸಾಕು, ಆ ಫೋಲ್ಡರಿನ ಕಿಟಕಿ ಆಗಲೇ ತೆರೆದಿದ್ದರೆ, ಎಲ್ಲಿ ಅಡಗಿದ್ದರೂ ಕಿವಿ ಹಿಡಿದು ಮುಂದೆ ತಂದು ನಿಲ್ಲಿಸುತ್ತದೆ!

"ಮೊದ್ಲು ಹಾಲ್ ಕಿಟಕಿ ಮುಚ್ಚಿ, ಸೊಳ್ಳೆ ಬರ್ತಿದೆ," ಎಂದರು ಹೆಂಡತಿ ಮಧುರಾ. "ಗಂಡಿನ ಕಡೆಯವ್ರು ಬರೋ ಹೊತ್ತಾಯ್ತು. ನಿಮ್ಮ ಸಾಹಸದಿಂದ ಸಂಬಂಧ ಕೆಟ್ರೆ ನೋಡಿ ಮತ್ತೆ!"

ಮಗಳು ಆರಾಧನಾಳಿಗೆ ಹುಡುಗ ಆತ್ರೇಯ ಮನಸಾರೆ ಒಪ್ಪಿಗೆಯಾಗಿದ್ದ. ಅಪ್ಪನನ್ನು ನೋಡಿದ ನೋಟದಲ್ಲೇ ಎಚ್ಚರಿಕೆಯಿತ್ತು.

ಆತ್ರೇಯನ ತಂದೆ ಬದರೀನಾರಾಯಣರು ಹೆಂಡತಿಯೊಂದಿಗೆ ಬಂದರು. ಕೇಸರಿಬಾತ್ ಮುಗಿಸಿ, "ಮಗಳ ಭರತನಾಟ್ಯದ ಫೋಟೋ ತೋರಿಸ್ತೀರಾ?" ಎಂದರು. ವಾದಿರಾಜರಿಗೆ ಅಷ್ಟೇ ಬೇಕಿತ್ತು! ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿ, ‘ಆರಾಧನಾ’ ಎಂದು ಟೈಪಿಸಿ ಎಂಟರ್ ಒತ್ತಿದರು.

ಒತ್ತಿದ ಮೇಲೆ ನೆನಪಾಯಿತು. ಗಂಡಿನ ಕಡೆಯವರು ಬಂದು ಬೆಲ್ ಒತ್ತಿದಾಗ ಅವರು ನೋಡುತ್ತಿದ್ದದ್ದು ‘ಆರಾಧನಾ ವರ ತನಿಖೆ’ ಎಂಬ ಫೋಲ್ಡರು. ಹುಡುಗ ಹೇಗೋ ಏನೋ ಎಂದು ಹಿಂಬಾಲಿಸಿ ಕದ್ದು ತೆಗೆದ ಫೋಟೋ ಅದರೊಳಗೆ ದೊಡ್ಡದಾಗಿ ಕಾಣುತ್ತಿತ್ತು. ಗಡಿಬಿಡಿಯಲ್ಲಿ ಅದರ ಕಿಟಕಿಯನ್ನು ಪರದೆಯ ಕೆಳಗಿಳಿಸಿದ್ದರೇ ಹೊರತು ಮುಚ್ಚಿರಲಿಲ್ಲ. ಪ್ರೋಗ್ರಾಮೋ, ಹೆಸರಿನ ಮೊದಲ ಪದ ಮಾತ್ರ ನೋಡುವಂಥದ್ದು. ಹಾಗೆ ಬರೆದ ಮಹಾನುಭಾವರು ಅವರೇ!

ಟಿವಿ ತುಂಬ ಆತ್ರೇಯ! ಬೇಕರಿ ಮುಂದೆ ನಿಂತು, ಬಾಯಿ ಇಷ್ಟಗಲ ಮಾಡಿ ಎಗ್ ಪಫ್ಸ್ ತಿನ್ನುತ್ತಿದ್ದಾನೆ. ಮೊಟ್ಟೆ ಎಂಬ ಪದವನ್ನೂ ಮನೆಯೊಳಗೆ ಬಿಟ್ಟುಕೊಳ್ಳದ ಮಧುರಾ ಬಾಯಿಗೆ ಸೆರಗು ಹಿಡಿದರು.

ವಾದಿರಾಜರು ತಟ್ಟನೆ ಫೋಲ್ಡರನ್ನು ಕೆಳಗಿಳಿಸಿದರು. ಅವಸರದ ಬೆರಳು ಎಂಟರ್ ಮೇಲೆಯೇ ಬಿತ್ತು. ಆತ್ರೇಯ ಮತ್ತೆ ಪ್ರತ್ಯಕ್ಷ! ಇಳಿಸಿದರು, ಬಂದ. ಇಳಿಸಿದರು, ಬಂದ.

"ನಮ್ಮ ಹುಡುಗನ್ನ ಕದ್ದು ಫೋಟೋ ತೆಗ್ದಿದೀರಾ?" ಬದರೀನಾರಾಯಣರ ದನಿ ಗಡುಸಾಯಿತು. ಆರಾಧನಾಳ ಕಣ್ಣು ತುಂಬಿತು. ಮಗಳ ಬಾಳನ್ನು ಕೈಯಾರೆ ಹಾಳು ಮಾಡಿದೆನಲ್ಲಾ ಎಂದು ವಾದಿರಾಜರು ಹಣೆ ಚಚ್ಚಿಕೊಂಡರು.

ಬದರೀನಾರಾಯಣರು ಎದ್ದರು. ಹೊರಟೇಬಿಟ್ಟರು ಎಂದುಕೊಂಡರೆ, ಟಿವಿ ಹತ್ತಿರ ಹೋಗಿ ಕನ್ನಡಕ ಏರಿಸಿದರು. ಬೇಕರಿಯ ಗಾಜಿನಲ್ಲಿ ಫೋಟೋ ತೆಗೆಯುತ್ತಿದ್ದವರ ಪ್ರತಿಬಿಂಬ ಸ್ಪಷ್ಟವಾಗಿತ್ತು. ಸಾಕ್ಷಾತ್ ವಾದಿರಾಜರು! ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಅರ್ಧ ಕಚ್ಚಿದ, ಮೊಟ್ಟೆ ಇಣುಕುತ್ತಿದ್ದ ಪಫ್ಸು.

ಬದರೀನಾರಾಯಣರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಸಂಬಂಧ ಕೂಡಿಬಂತು ಬಿಡಿ ಸ್ವಾಮಿ! ಹುಡುಗ ಹುಡುಗಿ ಜಾತಕ ಹೊಂದಿತ್ತು, ಈಗ ಮಾವ ಅಳಿಯಂದೂ ಹೊಂದ್ತು!"

ಎಲ್ಲರೂ ನಕ್ಕರು, ಮಧುರಾ ಒಬ್ಬರನ್ನು ಬಿಟ್ಟು. ಅವರು ಗಂಡನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ, "ರೀ, ಬೀಗರು ಹೊರಡ್ಲಿ, ಆಮೇಲಿದೆ ನಿಮ್ಗೆ," ಎಂದರು.

ವಾದಿರಾಜರು ಬದರೀನಾರಾಯಣರ ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡರು. "ಬೀಗರೇ, ನಿಮ್ಮ ದಮ್ಮಯ್ಯ! ಮದುವೆ ಆಗೋವರ್ಗೂ ಇಲ್ಲೇ ಇದ್ಬಿಡಿ!"