ಕಣಜದೊಳಗಿನ ಕಂಪ್ಯೂಟರು

ಈ ಭೂಮಂಡಲದಲ್ಲಿ ನಾನು ಅತ್ಯಂತ ಹೆದರುವುದು ನಮ್ಮ ಮನೆಯ ಕಂಪ್ಯೂಟರಿಗೆ. (ಹೆಂಡತಿಯ ಹೆಸರು ಬರೆದು, ಆಮೇಲೆ ಹೊಡೆದುಹಾಕಿದೆ.) ಅದರೊಳಗೆ ನನ್ನಾಕೆ ಶೈಲಶ್ರೀಯ ಕಸೂತಿ ನಕ್ಷೆಗಳಿವೆ. ಸುತ್ತಲಿನ ಹಳ್ಳಿಗಳ ಮದುವಣಗಿತ್ತಿಯರ ಕುಪ್ಪಸದ ಮೇಲೆ ಆನೆ, ಗೋಪುರ ಮೂಡುವುದು ಅವುಗಳಿಂದಲೇ. ಅವು ಅಳಿಸಿಹೋದರೆ ನಮ್ಮ ರೊಟ್ಟಿಯೂ ಹೋಯಿತು.

ಹೀಗಿರುವಾಗ ಗುಡಗೇರಿ ಸ್ಟೇಷನ್ನಿನ ಚಹಾದಂಗಡಿಯಲ್ಲಿ ನಮ್ಮೂರಿನ ಮಹಬೂಬಸಾಬ ಕೇಳಿದ: "ಕುಬೇರಪ್ಪ ಕಾಕಾ, ನಿಮ್ಮನ್ಯಾಗ ಇನ್ನೂ ಹಳೇ ವಿಂಡೋಸ್ ಐತೇನ್ರಿ? ಕಂಪನ್ಯಾವ್ರು ಅದರ ಕಾವಲು ಬಿಟ್ಟಾರ. ಇನ್ನ ಕಳ್ಳರು ವೈರಿನ್ಯಾಗ ಹಾದು ಬರ್ತಾರ. ನಾವೆಲ್ಲಾ ಅದನ್ನ ತಗದು ಲಿನಕ್ಸ್ ಹಾಕ್ಕೊಂಡೇವಿ. ಪುಕ್ಕಟ ಸಿಗ್ತೈತಿ."

"ಪುಕ್ಕಟ ಸಿಕ್ಕಿದ್ದನ್ನ ನಂಬೂದು ಹ್ಯಾಂಗಪಾ?" ಎಂದೆ. ಚಹಾ ಅರ್ಧಕ್ಕೇ ಬಿಟ್ಟು ಎದ್ದೆ.

ಮನೆಯಲ್ಲಿ ಹೇಳಿದರೆ ಶೈಲಶ್ರೀ ತಲೆ ಎತ್ತಲೂ ಇಲ್ಲ. "ಅದರ ಚಿಂತಿ ನಿಮಗ್ಯಾಕ? ನೀವು ಮುಟ್ಟಬ್ಯಾಡ್ರಿ, ಅಷ್ಟ ಸಾಕು."

ಅಂದಿನಿಂದ ಆ ಡಬ್ಬಿ ಗುರ್ ಎಂದಾಗಲೆಲ್ಲ ಅದರ ಮುಂದೆ ಒಂದು ಊದಿನಕಡ್ಡಿ ಬೆಳಗತೊಡಗಿದೆ. ಅವಳು ಸಂತೆಗೆ ಹೋದ ದಿನ ಪರದೆಯ ಮೂಲೆಯಲ್ಲಿ ಏನೋ ಪುಟ್ಟ ಚೌಕ ಎದ್ದು ಬಂತು. ಕಳ್ಳ ಬಂದೇಬಿಟ್ಟ ಎಂದುಕೊಂಡೆ. ವೈರೆಲ್ಲ ಕಿತ್ತು, ಡಬ್ಬಿಯನ್ನು ಕೌದಿಯಲ್ಲಿ ಸುತ್ತಿ ಜೋಳದ ಕಣಜದಲ್ಲಿ ಹೂತೆ. ಯಮನೂರಿನ ಜಾತ್ರೆಗೆ ಹೋಗುವಾಗ ಬಂಗಾರವನ್ನೂ ನಾವು ಅಲ್ಲಿಯೇ ಇಡುವುದು. ಹುಳ ಹತ್ತದಿರಲೆಂದು ಜೋಳಕ್ಕೆ ಬೂದಿ ಬೆರೆಸಿದ್ದು ಆ ಗಳಿಗೆಯಲ್ಲಿ ನೆನಪಿಗೆ ಬರಲಿಲ್ಲ.

"ಕಂಪ್ಯೂಟರ್ ಎಲ್ಲೈತ್ರಿ?" ಚೀಲ ಇಳಿಸುವ ಮೊದಲೇ ಕೇಳಿದಳು.

ನಾನು ಕಣಜ ತೋರಿಸಿದೆ. ಅವಳು ಸೆರಗು ಸಿಕ್ಕಿಸಿ ಕಣಜಕ್ಕೆ ಕೈ ಹಾಕಿದಳು. ಬೈದಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ತೋಡಿ ತೆಗೆದು, ಹೊಲಿಗೆ ಯಂತ್ರದ ಬ್ರಷ್ಷಿನಿಂದ ಒಂದೊಂದೇ ಸಂದು ಝಾಡಿಸಿ, ವೈರು ಚುಚ್ಚಿದಳು. ಒಳಗಿನ ಫ್ಯಾನು ಉಳಿದ ಬೂದಿಯನ್ನೆಲ್ಲ ನನ್ನ ಮುಖಕ್ಕೇ ಊದಿತು. ಪರದೆಯ ಮೇಲೆ ವಿಂಡೋಸಿನ ಅದೇ ಹಳೆಯ ಹಸಿರು ಗುಡ್ಡದ ಚಿತ್ರ ಕಂಡಿತು. ನಕ್ಷೆಗಳೂ ಇದ್ದವು. ಕಣ್ಣಲ್ಲಿ ನೀರೇ ಬಂತು.

"ನೋಡು, ನಮ್ಮ ವಿಂಡೋಸ್ ಉಳೀತು."

"ಅದು ಯಾವಾಗೋ ಹೋತ್ರಿ. ದೀಪಾವಳಿಗೇ ನಾ ಲಿನಕ್ಸ್ ಹಾಕೇನಿ. ನೀವು ಹೆದರ್ತೀರಂತ ಗುಡ್ಡದ ಚಿತ್ರಾ ಅಷ್ಟ ಹಳೇದು ಬಿಟ್ಟಿದ್ದೆ."

ಹಾಗಾದರೆ ಇಷ್ಟು ದಿನ ನಾನು ಊದಿನಕಡ್ಡಿ ಬೆಳಗಿದ್ದು ಯಾರಿಗೆ? ಕೇಳುವ ಧೈರ್ಯವಾಗಲಿಲ್ಲ.

"ಕಳ್ಳರು ಬಂದ್ರ?" ಎಂದಷ್ಟೇ ಕೇಳಿದೆ.

"ಈಟು ದಿನಾ ಒಬ್ಬನೂ ಬಂದಿಲ್ಲ" ಎನ್ನುತ್ತ ಅವಳು ಏನನ್ನೋ ಟೈಪ್ ಮಾಡಿದಳು. ಇದುವರೆಗೆ ನಮ್ಮ ಕಂಪ್ಯೂಟರಿಗೆ ಪಾಸ್‌ವರ್ಡ್ ಇರಲಿಲ್ಲ. ಈಗ ಇದೆ, ಅದು ನನಗೆ ಗೊತ್ತಿಲ್ಲ. ಕಣಜಕ್ಕೂ ಬೀಗ ಬಿದ್ದಿದೆ.